ಎಕ್ಸ್‌ಪಲ್ಸ್ 200: ಎಂಜಿನ್ ಬಿಟ್ಟು ಉಳಿದ ಕೀಲುಗಳನ್ನು ನೋಡಿಕೊಳ್ಳುವುದು ಹೇಗೆ

ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಬೈಕ್ ಕೊಂಡವರು ಮೊದಲು ಕೇಳುವ ಪ್ರಶ್ನೆ ಎಂಜಿನ್ ಎಷ್ಟು ಬಾಳುತ್ತದೆ ಎಂದು. ಕೇಳಬೇಕಾದ್ದು ಬೇರೆ. 199.6 ಸಿಸಿಯ ಒಂಟಿ ಸಿಲಿಂಡರ್, ಐದು ಗೇರು, ಗಾಳಿಯಿಂದ ತಣಿಯುವ ಸರಳ ಎಂಜಿನ್ ಇದು. ಹೊತ್ತಿಗೆ ಸರಿಯಾಗಿ ಆಯಿಲ್ ಸಿಕ್ಕರೆ ತಂಟೆಯಿಲ್ಲದೆ ಓಡುತ್ತದೆ. ಸೋಲುವುದು ಅದರ ಸುತ್ತಲಿನ ಭಾಗಗಳು: ಚೈನು, ಹ್ಯಾಂಡಲ್‌ನ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್‌ಗಳು), ಹಿಂದಿನ ಶಾಕ್‌ನ ಲಿಂಕೇಜು, ಸ್ಪೋಕ್ ಕಡ್ಡಿಗಳು, ಕೇಬಲ್ಲು, ಬ್ರೇಕು. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕದೆ ಜಾತ್ರೆಗೆ ಹೊರಟರೆ ದಾರಿಯಲ್ಲಿ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ.

ಈ ಸಾಲಿನ ಗಾಡಿ 2019ರ ಮೇ ತಿಂಗಳಲ್ಲಿ ಬಂತು, ಕಾರ್ಬ್ಯುರೇಟರ್ ಮತ್ತು ಎಫ್‌ಐ (ಫ್ಯೂಯೆಲ್ ಇಂಜೆಕ್ಷನ್) ಎರಡರಲ್ಲೂ. ಬಿಎಸ್6 ಹೊಗೆ ನಿಯಮಕ್ಕೆ ಹೊಂದಿದ 2020ರ ಮಾದರಿಯಲ್ಲಿ ಕಾರ್ಬ್ಯುರೇಟರ್ ಹೋಗಿ ಆಯಿಲ್ ಕೂಲರ್ ಸೇರಿತು. 2021ರ ಅಕ್ಟೋಬರ್‌ನಲ್ಲಿ ನಾಲ್ಕು ವಾಲ್ವ್‌ನ 4ವಿ ಬಂತು. 2025ರ ಎಕ್ಸ್‌ಪಲ್ಸ್ 210ರ ಎಂಜಿನ್ ಬೇರೆಯೇ. ಅದು ಕೂಲಂಟ್‌ನಿಂದ ತಣಿಯುವ ಆರು ಗೇರಿನ ಗಾಡಿ. ಎಂಜಿನ್ ಬಿಟ್ಟು ಇಲ್ಲಿ ಹೇಳಿರುವುದರಲ್ಲಿ ಬಹುಪಾಲು ಅದಕ್ಕೂ ಹೊಂದುತ್ತದೆ.

ತೊಳೆಯುವುದರಿಂದಲೇ ಶುರು

ಮಲೆನಾಡಿನ ಕೆಂಪು ಕೆಸರಿಗಿಂತ ಹೆಚ್ಚು ಬೇರಿಂಗ್‌ಗಳನ್ನು ತಿಂದದ್ದು ವಾಟರ್ ಸರ್ವಿಸ್ ಅಂಗಡಿಯ ಪ್ರೆಶರ್ ಗನ್. ಬೇರಿಂಗ್‌ನ ರಬ್ಬರ್ ಸೀಲು ಸಿಡಿಯುವ ಕೊಳೆಯನ್ನು ತಡೆಯಲು ಇರುವಂಥದ್ದು; ಒತ್ತಡದಲ್ಲಿ ನುಗ್ಗುವ ನೀರನ್ನು ಅದು ತಡೆಯಲಾರದು. ಒಳಗೆ ಹೋದ ನೀರು ಗ್ರೀಸ್ ಜತೆ ಕಲೆತು ಬೆಳ್ಳಗಾಗುತ್ತದೆ, ಎರಡು ವಾರದಲ್ಲಿ ತುಕ್ಕು ಹಿಡಿಯುತ್ತದೆ. ಚಕ್ರದ ಹಬ್, ಹ್ಯಾಂಡಲ್‌ನ ಕೆಳಭಾಗ, ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಕೀಲು, ಲಿಂಕೇಜು, ಚೈನು, ಹ್ಯಾಂಡಲ್ ಮೇಲಿನ ಸ್ವಿಚ್‌ಗಳು, ಆಯಿಲ್ ಕೂಲರ್, ಇವುಗಳ ಹತ್ತಿರಕ್ಕೂ ಗನ್ ತರಬೇಡಿ. ಮನೆಯ ಪೈಪಿನ ನೀರಲ್ಲಿ ಕೆಸರು ನೆನೆಸಿ, ಹತ್ತು ನಿಮಿಷ ಬಿಟ್ಟು, ಬ್ರಷ್‌ನಿಂದ ತಿಕ್ಕಿದರೆ ಸಾಕು. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಬಿಸಿಯಾದ ಹಬ್ ಫಕ್ಕನೆ ತಣಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ.

ತೊಳೆದಾಗಲೇ ಇನ್ನೆರಡು ಜಾಗ ನೋಡಿ. ಒಂದು, ಮುಂದಿನ ಫೋರ್ಕ್‌ನ ರಬ್ಬರ್ ಬೂಟು. ಅದು ಕೆಸರನ್ನು ತಡೆಯುತ್ತದೆ, ನಿಜ. ಆದರೆ ಒಮ್ಮೆ ಒಳಗೆ ಹೋದ ಮರಳನ್ನು ಹೊರಗೂ ಬಿಡುವುದಿಲ್ಲ. ತಿಂಗಳಿಗೊಮ್ಮೆ ಕ್ಲಾಂಪ್ ಸಡಿಲಿಸಿ, ಬೂಟು ಮೇಲೆತ್ತಿ, 37 ಮಿ.ಮೀ. ಪೈಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಪೈಪಿನ ಮೇಲೆ ಎಣ್ಣೆಯ ಉಂಗುರ ಮೂಡಿದ್ದರೆ ಕೂಡಲೇ ಸೀಲ್ ಬದಲಿಸಲು ಓಡಬೇಕಿಲ್ಲ. ಡಸ್ಟ್ ಸೀಲನ್ನು ಮೇಲಕ್ಕೆ ಸರಿಸಿ, ಹಳೆಯ ಎಕ್ಸ್‌ರೇ ಹಾಳೆಯ ತುಂಡೊಂದನ್ನು ಕೊಕ್ಕೆಯಂತೆ ಕತ್ತರಿಸಿ, ಸೀಲಿನ ತುಟಿಯ ಒಳಗೆ ತೂರಿಸಿ ಸುತ್ತ ಎಳೆಯಿರಿ. ಬಹಳ ಸಲ ಒಂದು ಕಾಳು ಮರಳು ಹೊರಬಂದು ಸೋರುವುದು ನಿಲ್ಲುತ್ತದೆ. ಪೈಪಿನಲ್ಲೇ ಉಗುರಿಗೆ ತಾಗುವ ಗೀರಿದ್ದರೆ ಈ ಉಪಾಯ ನಡೆಯದು.

ಎರಡು, ಮುಂದಿನ ಸ್ಪ್ರಾಕೆಟ್‌ನ ಮುಚ್ಚಳ. ಸರ್ವಿಸ್‌ನಲ್ಲಿ ಇದನ್ನು ಬಿಚ್ಚುವವರು ಕಡಿಮೆ. ಒಳಗೆ ಚೈನ್ ಎಣ್ಣೆ ಮತ್ತು ಮಣ್ಣು ಕಲೆತು ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಅದು ಗೇರ್ ಶಾಫ್ಟ್‌ನ ಆಯಿಲ್ ಸೀಲಿಗೆ ಉಜ್ಜಿ ಉಜ್ಜಿ ಅಲ್ಲಿಂದ ಎಂಜಿನ್ ಆಯಿಲ್ ಒಸರಲು ಶುರುವಾಗುತ್ತದೆ. 3000 ಕಿ.ಮೀ.ಗೊಮ್ಮೆ ಬಿಚ್ಚಿ ಕೆರೆದು ತೆಗೆಯಿರಿ.

ಚೈನು

ಮೊದಲು ನಿಮ್ಮ ಚೈನು ಯಾವುದೆಂದು ನೋಡಿಕೊಳ್ಳಿ. ಕೊಂಡಿಗಳ ನಡುವೆ ಸಣ್ಣ ಕಪ್ಪು ರಬ್ಬರ್ ಉಂಗುರ ಕಂಡರೆ ಓ-ರಿಂಗ್ ಚೈನು. ಇಲ್ಲದಿದ್ದರೆ ಸಾದಾ ಚೈನು. ಅದಕ್ಕೆ ಎಣ್ಣೆಯ ಹಸಿವು ಹೆಚ್ಚು, 300 ಕಿ.ಮೀ.ಗೊಮ್ಮೆ ಕೇಳುತ್ತದೆ. ಓ-ರಿಂಗ್ ಚೈನಿಗೆ 500 ಕಿ.ಮೀ. ಸಾಕು. ಮಳೆಯಲ್ಲಿ ದಿನವಿಡೀ ಓಡಿಸಿದರೆ ಎರಡಕ್ಕೂ ಅದೇ ರಾತ್ರಿ ಎಣ್ಣೆ ಬೇಕು.

ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಹಳೆಯ ಟೂತ್ ಬ್ರಷ್‌ನಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಪೆಟ್ರೋಲ್ ಮತ್ತು ತಂತಿ ಬ್ರಷ್ ಬೇಡ, ಎರಡೂ ರಬ್ಬರ್ ಉಂಗುರವನ್ನು ಕೊಲ್ಲುತ್ತವೆ. ಆಮೇಲೆ 90 ನಂಬರ್ ಗೇರ್ ಆಯಿಲ್ಲನ್ನು ಕೆಳಗಿನ ಸಾಲಿನ ಒಳಮುಖಕ್ಕೆ ಸವರುತ್ತ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಹೋಗಿ. ಒಳಮುಖಕ್ಕೆ ಹಾಕಿದ ಎಣ್ಣೆಯನ್ನು ಚೈನಿನ ಸುತ್ತಾಟವೇ ಹೊರಕ್ಕೆ ತಳ್ಳಿ ರೋಲರ್‌ಗಳಿಗೆ ಮುಟ್ಟಿಸುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಹೆಚ್ಚಾದದ್ದನ್ನು ಒರೆಸಿ. ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಚೈನು ತಿರುಗಿಸುವುದು ಮಾತ್ರ ಯಾವತ್ತೂ ಬೇಡ. ಬಟ್ಟೆಯ ಜತೆ ಬೆರಳೂ ಸ್ಪ್ರಾಕೆಟ್‌ಗೆ ಹೋಗುತ್ತದೆ.

ಬಿಗಿ ಮಾಡುವಾಗ ಈ ಗಾಡಿಯಲ್ಲಿ ಹೆಚ್ಚು ತಪ್ಪಾಗುತ್ತದೆ. ಹಿಂದಿನ ಸಸ್ಪೆನ್ಷನ್ 170 ಮಿ.ಮೀ. ಓಡಾಡುತ್ತದೆ. ಸ್ಪ್ರಾಕೆಟ್, ಸ್ವಿಂಗ್ ಆರ್ಮ್‌ನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗುತ್ತದೆ. ಖಾಲಿ ಗಾಡಿ ನಿಲ್ಲಿಸಿ ನೂರು ಸಿಸಿ ಗಾಡಿಯಂತೆ ಬಿಗಿ ಮಾಡಿಬಿಟ್ಟರೆ ಗುಂಡಿಗೆ ಬಿದ್ದಾಗಲೆಲ್ಲ ಚೈನು ಗೇರ್ ಶಾಫ್ಟ್‌ನ ಬೇರಿಂಗನ್ನು ಹಿಡಿದು ಎಳೆಯುತ್ತದೆ. ಮ್ಯಾನುಯಲ್‌ನ ಅಳತೆಗೆ ಕೂರಿಸಿದ ಮೇಲೆ, ದಪ್ಪ ಆಳೊಬ್ಬರನ್ನು ಸೀಟಿನ ಮೇಲೆ ಕೂರಿಸಿ ಒತ್ತಿಸಿ, ಮೂರು ಬಿಂದುಗಳು ಗೆರೆಗೆ ಬಂದಾಗಲೂ ಚೈನು ಸುಮಾರು 10 ಮಿ.ಮೀ. ಆಡುತ್ತದೆಯೇ ನೋಡಿ. ಆಡದಿದ್ದರೆ ಸಡಿಲಿಸಿ. ಅನುಮಾನವಿದ್ದರೆ ಸಡಿಲವೇ ಮೇಲು.

ಆಕ್ಸಲ್ ನಟ್ ಸಡಿಲಿಸಿ ಎರಡೂ ಕಡೆಯ ಅಡ್ಜಸ್ಟರ್‌ಗಳನ್ನು ಒಂದೊಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಎರಡು ಬದಿಯ ಗುರುತು ಒಂದೇ ಇರಲಿ. ಚೈನು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲವಾದ್ದರಿಂದ ಚಕ್ರ ತಿರುಗಿಸಿ ಅತಿ ಬಿಗಿಯಿರುವ ಜಾಗದಲ್ಲಿ ಅಳೆಯಬೇಕು. ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಎಳೆದಾಗ ಅರ್ಧ ಹಲ್ಲು ಕಂಡರೆ ಅದರ ಆಯುಸ್ಸು ಮುಗಿದಿದೆ. ಚೈನು ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಿಸಿ. ಸವೆದ ಹಲ್ಲಿನ ಮೇಲೆ ಹೊಸ ಚೈನು ಕೆಲವೇ ಸಾವಿರ ಕಿ.ಮೀ.ಗಳಲ್ಲಿ ಹಳೆಯದಾಗುತ್ತದೆ.

ಲಿಂಕೇಜು ಮತ್ತು ಕೋನ್ ಸೆಟ್: ಯಾರೂ ನೋಡದ ಎರಡು ಜಾಗ

ಹಿಂದಿನ ಮೋನೋಶಾಕ್ ನೇರವಾಗಿ ಸ್ವಿಂಗ್ ಆರ್ಮ್‌ಗೆ ಸೇರಿಲ್ಲ, ನಡುವೆ ಲಿಂಕೇಜ್ ಇದೆ. ಹಿಂಚಕ್ರದ ಮುಂದೆ, ನೆಲಕ್ಕೆ ಹತ್ತಿರದಲ್ಲಿ, ಕೆಸರು ಎರಚುವ ದಾರಿಯಲ್ಲೇ ಅದು ಕೂತಿದೆ. ಗ್ರೀಸ್ ಒಣಗಿದರೆ ಮೊದಲು ಕಿರ್ ಎನ್ನುತ್ತದೆ, ಆಮೇಲೆ ಆಟ ಬರುತ್ತದೆ, ಕೊನೆಗೆ ಬೋಲ್ಟ್ ತನ್ನನ್ನು ಸುತ್ತಿರುವ ಕೊಳವೆಯಂಥ ತೋಳಿಗೇ (ಸ್ಲೀವ್) ತುಕ್ಕಿನಿಂದ ಅಂಟಿಕೊಂಡು ಸುತ್ತಿಗೆಗೂ ಬರುವುದಿಲ್ಲ.

ಪರೀಕ್ಷೆ ಸುಲಭ. ಗಾಡಿಯ ಹಿಂಭಾಗವನ್ನು ಹಿಡಿಯಿಂದ ಮೆಲ್ಲಗೆ ಎತ್ತಿ. ಚಕ್ರ ನೆಲ ಬಿಡುವ ಮೊದಲೇ ‘ಟಕ್’ ಎಂಬ ಸಣ್ಣ ಆಟ ಕೈಗೆ ತಿಳಿದರೆ ಬುಷ್ ಅಥವಾ ಬೇರಿಂಗ್ ಸವೆದಿದೆ.

ಮಳೆಗಾಲಕ್ಕೆ ಮುಂಚೆ ಮೇನಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ ಇದನ್ನು ಬಿಚ್ಚಿ ಗ್ರೀಸ್ ತುಂಬಬೇಕು. ಡಾಂಬರು ರಸ್ತೆಯಲ್ಲೇ ಓಡುವ ಗಾಡಿಗೆ 10,000 ಕಿ.ಮೀ.ಗೊಮ್ಮೆ ಸಾಕು. ಹೀಗೆ ಮಾಡಿ:

1. ಗಾಡಿಯಲ್ಲಿ ಸೆಂಟರ್ ಸ್ಟ್ಯಾಂಡ್ ಇಲ್ಲ. ಪ್ಯಾಡಕ್ ಸ್ಟ್ಯಾಂಡ್ (ಹಿಂಭಾಗ ಎತ್ತಿ ಹಿಡಿಯುವ ಬಿಡಿ ಸ್ಟ್ಯಾಂಡ್) ಅಥವಾ ಎಂಜಿನ್ ಕೆಳಗಿನ ಗಟ್ಟಿ ಭಾಗಕ್ಕೆ ಮರದ ದಿಮ್ಮಿ ಕೊಟ್ಟು, ಹಿಂದಿನ ಚಕ್ರ ನೆಲಕ್ಕೆ ತಾಗೀ ತಾಗದಂತೆ ನಿಲ್ಲಿಸಿ. ಶಾಕ್ ಮೇಲೆ ಭಾರವಿದ್ದರೆ ಬೋಲ್ಟ್ ಎಳೆಯಲು ಬಾರದು.

2. ಬಿಚ್ಚುವ ಮೊದಲು ಎರಡೂ ಬದಿಯಿಂದ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಯಾವ ಬೋಲ್ಟ್ ಯಾವ ಕಡೆಯಿಂದ ಬಂದಿದೆ ಎಂಬುದು ಮುಖ್ಯ. ಬಂದ ವಾಷರ್‌ಗಳನ್ನು ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿ.

3. ಒಳಗಿನ ತೋಳನ್ನು ಬೆರಳಿನಿಂದ ತಳ್ಳಿ ತೆಗೆದು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಕಂದು ಬಣ್ಣದ ಕಲೆ ಒರೆಸಿದರೆ ಹೋದರೆ ಚಿಂತೆಯಿಲ್ಲ. ಉಗುರಿಗೆ ಗುಳಿ ಸಿಕ್ಕರೆ ತೋಳು ಬದಲಿಸಿ.

4. ನೀರು ತಾಳುವ ಲಿಥಿಯಂ ಗ್ರೀಸ್ ತುಂಬಿ. ಯಾವ ಆಟೋಮೊಬೈಲ್ ಅಂಗಡಿಯಲ್ಲಾದರೂ ಸಿಗುವ ಎಪಿ3 ಆಗುತ್ತದೆ. ಕಾರವಾರ, ಉಡುಪಿ ಕಡೆ ಉಪ್ಪುಗಾಳಿಯಲ್ಲಿ ಇರುವವರು ದೋಣಿ ಎಂಜಿನ್‌ಗೆ ಬಳಸುವ ಮೆರೀನ್ ಗ್ರೀಸ್ ಹುಡುಕುವುದು ಒಳ್ಳೆಯದು. ಬೋಲ್ಟ್‌ನ ನಯವಾದ ಮೈಗೂ ತೆಳ್ಳಗೆ ಸವರಿ, ಥ್ರೆಡ್‌ಗೆ ಬೇಡ.

5. ಎಲ್ಲ ಬೋಲ್ಟ್‌ಗಳನ್ನು ಕೈಯಲ್ಲಿ ಕೂರಿಸಿದ ಮೇಲೆಯೇ ಬಿಗಿ ಮಾಡಿ, ಮ್ಯಾನುಯಲ್‌ನ ಅಂಕಿಗೆ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್‌ನಿಂದ. ನೂರು ಕಿ.ಮೀ. ಆದ ಮೇಲೆ ಮತ್ತೊಮ್ಮೆ ಮುಟ್ಟಿ ನೋಡಿ.

ಮೆಕ್ಯಾನಿಕ್‌ನಿಂದ ಮಾಡಿಸುವುದಾದರೆ ಪಕ್ಕದಲ್ಲಿ ನಿಂತುಕೊಳ್ಳಿ. ಹೊರಗಿನಿಂದ ಗ್ರೀಸ್ ಬಳಿದು ‘ಆಯ್ತು ಸಾರ್’ ಅನ್ನುವುದು ಗ್ರೀಸಿಂಗ್ ಅಲ್ಲ.

ಕೋನ್ ಸೆಟ್ ಪರೀಕ್ಷೆಗೆ ಮುಂದಿನ ಚಕ್ರ ನೆಲ ಬಿಟ್ಟಿರಬೇಕು. ಫೋರ್ಕ್‌ನ ತುದಿಗಳನ್ನು ಎರಡೂ ಕೈಯಿಂದ ಹಿಡಿದು ಹಿಂದೆ ಮುಂದೆ ಅಲುಗಿಸಿ, ಆಟವಿದ್ದರೆ ಸಡಿಲವಾಗಿದೆ. ಮುಂದಿನ ಬ್ರೇಕ್ ಹಿಡಿದು ಅಲುಗಿಸಿ ನೋಡುವ ರೂಢಿ ದಾರಿ ತಪ್ಪಿಸುತ್ತದೆ, ಆಗ ಬ್ರೇಕ್ ಪ್ಯಾಡ್‌ನ ಆಟವೂ ಸೇರುತ್ತದೆ. ಆಮೇಲೆ ಹ್ಯಾಂಡಲನ್ನು ಒಂದು ಬೆರಳಿನಿಂದ ಎಡದಿಂದ ಬಲಕ್ಕೆ ತಿರುಗಿಸಿ. ನಟ್ಟನಡುವೆ ಸಣ್ಣ ಗುಳಿಗೆ ಬಿದ್ದಂತೆ ನಿಂತರೆ ಬಾಲ್‌ಗಳು ಬಟ್ಟಲಿನಲ್ಲಿ ಗುಂಡಿ ಕೊರೆದಿವೆ. ಇದು ಬಿಗಿ ಮಾಡಿದರೆ ಹೋಗುವಂಥದ್ದಲ್ಲ, ಸೆಟ್ ಬದಲಿಸಬೇಕು. ಆಟವಿದ್ದ ಹ್ಯಾಂಡಲ್‌ನಲ್ಲೇ ಗುಂಡಿಗಳ ಮೇಲೆ ಓಡಿಸಿದ್ದು ಇದಕ್ಕೆ ಕಾರಣ. ಸಡಿಲ ಕಂಡ ದಿನವೇ ಸರಿಮಾಡಿದರೆ ಅದೇ ಸೆಟ್ ಬಹಳ ದೂರ ಬರುತ್ತದೆ.

ಚಕ್ರ, ಕಡ್ಡಿ, ಟ್ಯೂಬು

ಮುಂದೆ 90/90-21, ಹಿಂದೆ 120/80-18, ಎರಡೂ ಟ್ಯೂಬ್ ಟಯರು. ಕಡ್ಡಿಗಳನ್ನು ಸ್ಪ್ಯಾನರ್‌ನಿಂದ ಒಂದೊಂದಾಗಿ ಮೆಲ್ಲಗೆ ತಟ್ಟುತ್ತ ಹೋಗಿ. ಬಿಗಿಯಾದದ್ದು ‘ಟಿಣ್’ ಎನ್ನುತ್ತದೆ, ಸಡಿಲವಾದದ್ದು ‘ಠಪ್’. ಸ್ಪೋಕ್ ಕೀಲಿಯಿಂದ ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಪಕ್ಕಪಕ್ಕದ ಮೂರು ನಾಲ್ಕು ಕಡ್ಡಿ ಸಡಿಲವಾಗಿದ್ದರೆ ಅಲ್ಲಿ ರಿಮ್ ಬಾಗಿರುವ ಸಾಧ್ಯತೆ ಹೆಚ್ಚು. ನೀವೇ ಬಿಗಿ ಮಾಡಿದರೆ ಅಂಕುಡೊಂಕು ಹೆಚ್ಚುತ್ತದೆ, ರಿಮ್ ನೇರ ಮಾಡುವವರ ಕೈಗೆ ಕೊಡಿ. ಹೊಸದಾಗಿ ಕಡ್ಡಿ ಕಟ್ಟಿಸಿದ ಚಕ್ರವನ್ನು 500 ಕಿ.ಮೀ.ಗೆ ಮತ್ತೊಮ್ಮೆ ತೋರಿಸಲೇಬೇಕು.

ಗಾಳಿಯ ವಿಷಯದಲ್ಲಿ ಡಾಂಬರಿಗೆ ಮ್ಯಾನುಯಲ್‌ನ ಅಂಕಿ. ಕಲ್ಲು, ಕೆಸರಿನ ದಾರಿಯಲ್ಲಿ ಒಬ್ಬರೇ ಇದ್ದರೆ ಮುಂದೆ 20, ಹಿಂದೆ 22 ಪಿಎಸ್‌ಐ ತನಕ ಇಳಿಸಬಹುದು. 18ಕ್ಕಿಂತ ಕೆಳಗೆ ಬೇಡ. ಈ ರಿಮ್‌ಗಳಲ್ಲಿ ಟಯರನ್ನು ಕಚ್ಚಿ ಹಿಡಿಯುವ ರಿಮ್ ಲಾಕ್ ಇಲ್ಲ. ಗಾಳಿ ಕಡಿಮೆಯಾದ ಟಯರು ರಿಮ್ ಮೇಲೆ ಜಾರುತ್ತದೆ, ಜತೆಗೆ ಟ್ಯೂಬನ್ನೂ ಎಳೆದು ವಾಲ್ವ್‌ನ ಬುಡ ಹರಿಯುತ್ತದೆ. ವಾಲ್ವ್‌ನ ಸಣ್ಣ ನಟ್ಟನ್ನು ರಿಮ್‌ಗೆ ಬಿಗಿಯದೆ ಮೇಲಕ್ಕೆ, ಕ್ಯಾಪ್‌ಗೆ ತಾಗುವಂತೆ ಬಿಡಿ. ಟಯರು ಜಾರಿದಾಗ ವಾಲ್ವ್ ಓರೆಯಾಗಿ ಕಾಣುತ್ತದೆ, ಹರಿಯುವ ಮುಂಚೆ ನಿಮಗೆ ಗೊತ್ತಾಗುತ್ತದೆ.

ದೂರ ಹೋಗುವಾಗ ಒಂದೇ ಟ್ಯೂಬ್‌ಗೆ ಜಾಗವಿದ್ದರೆ 21 ಇಂಚಿನದನ್ನು ಒಯ್ಯಿರಿ. ಊರು ಮುಟ್ಟುವ ತನಕ ಅದನ್ನು ಮಡಿಸಿ ಹಿಂದಿನ 18 ಇಂಚಿನ ಟಯರಿನೊಳಗೂ ಕೂರಿಸಬಹುದು. ತಿರುಗಾಮುರುಗಾ ಆಗದು. ಟಯರ್ ಲಿವರ್, ಪಂಪ್ ಇದ್ದರೆ ಸಾಲದು: ಎರಡೂ ಆಕ್ಸಲ್ ನಟ್‌ಗಳಿಗೆ ಹೊಂದುವ ಸ್ಪ್ಯಾನರ್ ಇದೆಯೇ, ಅದರಿಂದ ನಿಮ್ಮ ಕೈಬಲಕ್ಕೆ ನಟ್ ಬರುತ್ತದೆಯೇ ಎಂದು ಮನೆಯ ಅಂಗಳದಲ್ಲೇ ಬಿಚ್ಚಿ ನೋಡಿ. ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಬಿಗಿದ ನಟ್ ಕುದುರೆಮುಖದ ಮಳೆಯಲ್ಲಿ, ಕಾಲಿಗೆ ಜಿಗಣೆ ಹತ್ತುತ್ತಿರುವಾಗ, ಬರುವುದಿಲ್ಲ. ದಾರಿಯಲ್ಲಿ ಚಕ್ರ ಎತ್ತಲು ಸೈಡ್ ಸ್ಟ್ಯಾಂಡ್‌ನ ಎದುರು ಬದಿಗೆ ಕವಲೊಡೆದ ಗಟ್ಟಿ ಕೋಲು ಕೊಟ್ಟರೆ ಸಾಕು, ಆದರೆ ಮುಂದಿನ ಬ್ರೇಕ್ ಲಿವರನ್ನು ಹಗ್ಗದಿಂದ ಬಿಗಿದು ಕಟ್ಟಿರಬೇಕು.

ಗದಗ, ವಿಜಯಪುರದ ಎರೆಮಣ್ಣಿನಲ್ಲಿ ಮಳೆ ಬಿದ್ದ ದಿನ ಓಡಿಸುವವರಿಗೆ ಒಂದು ಮಾತು. ಆ ಮಣ್ಣು ಟಯರಿಗೂ ಮಡ್‌ಗಾರ್ಡ್‌ಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಆಕ್ಸಿಲರೇಟರ್ ಹೆಚ್ಚಿಸಿ ಬಿಡಿಸಲು ಹೋದರೆ ಸುಡುವುದು ಕ್ಲಚ್ ಪ್ಲೇಟು. ಇಳಿದು ಕೋಲಿನಿಂದ ಕೆರೆಯುವುದೇ ದಾರಿ.

ಬ್ರೇಕು, ಕ್ಲಚ್ಚು

ಕೆಸರು ಮೆತ್ತಿದ ಡಿಸ್ಕ್ ಎಂದರೆ ಉಪ್ಪುಕಾಗದ. ಬೇಸಿಗೆಯಲ್ಲಿ ಬಹುಕಾಲ ಬರುವ ಪ್ಯಾಡು ಒಂದೇ ಮಳೆಗಾಲದಲ್ಲಿ ಮುಗಿಯಬಹುದು. ಪ್ಯಾಡ್‌ನ ಮೈ 1.5 ಮಿ.ಮೀ.ಗೆ ಇಳಿದರೆ ಬದಲಿಸಿ. ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ತಳ್ಳುವ ಮೊದಲು ಅದರ ಮೈಯನ್ನು ಬ್ರೇಕ್ ಫ್ಲೂಯಿಡ್ ಸವರಿದ ಬಟ್ಟೆಯಿಂದ ಒರೆಸಲೇಬೇಕು. ಮಣ್ಣಿನ ಸಮೇತ ತಳ್ಳಿದರೆ ಸೀಲು ಗೀರಿ ಸೋರುತ್ತದೆ. ಕ್ಯಾಲಿಪರ್ ಜಾರುವ ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ, ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದೇ ಆಗಲಿ. ಎಬಿಎಸ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಆ ದೀಪ ಓಡುವಾಗಲೂ ಆರದಿದ್ದರೆ ಮೊದಲು ಹಬ್ ಹತ್ತಿರದ ಸೆನ್ಸರ್ ಮತ್ತು ತೂತುಗಳಿರುವ ಬಳೆಯ ಮೇಲಿನ ಕೆಸರು ತೆಗೆದು ನೋಡಿ.

ಕ್ಲಚ್ ಲಿವರ್‌ನ ತುದಿಯಲ್ಲಿ 10–15 ಮಿ.ಮೀ. ಬಿಡುವಿರಲಿ. ಘಾಟಿಯ ಕೆಸರೇರಿನಲ್ಲಿ ಅರ್ಧ ಕ್ಲಚ್ ಹಿಡಿದು ಹತ್ತುವುದು ಅಭ್ಯಾಸವಾದರೆ ಪ್ಲೇಟ್ ಬೇಗ ಹೋಗುತ್ತದೆ: ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಏರಿ ವೇಗ ಏರದಿದ್ದರೆ ಅದೇ ಗುರುತು. ಹೊಸ ಕೇಬಲ್ಲೊಂದನ್ನು ಹಳೆಯದರ ಜತೆಗೇ, ಅದೇ ದಾರಿಯಲ್ಲಿ ಕಟ್ಟಿಟ್ಟು, ತುದಿಗಳಿಗೆ ಟೇಪ್ ಸುತ್ತಿ ಬಿಡಿ. ತುಂಡಾದ ದಿನ ಟ್ಯಾಂಕ್ ಬಿಚ್ಚುವ ಕೆಲಸ ತಪ್ಪುತ್ತದೆ. ಲಿವರ್‌ಗಳ ಕ್ಲಾಂಪನ್ನು ಪೂರ್ತಿ ಬಿಗಿಯಬೇಡಿ. ಗಾಡಿ ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಲಿ.

ಎಂಜಿನ್, ಸಂಕ್ಷೇಪದಲ್ಲಿ

10ಡಬ್ಲ್ಯೂ-30, ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಎಂದಿದ್ದರೆ ಅದು ಸ್ಕೂಟರ್‌ನದು, ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಜಾರುತ್ತದೆ. ಧೂಳು, ಕೆಸರು ಹೆಚ್ಚಿದ್ದರೆ 3000 ಕಿ.ಮೀ.ಗೆ ಬದಲಿಸಿ. ಏರ್ ಫಿಲ್ಟರ್ ಮುಟ್ಟಿದಾಗ ಬೆರಳಿಗೆ ಎಣ್ಣೆ ಅಂಟುವ ಕಾಗದದ್ದಾಗಿದ್ದರೆ ಗಾಳಿ ಹೊಡೆದು ಸ್ವಚ್ಛ ಮಾಡಬೇಡಿ, ಆ ಎಣ್ಣೆಯೇ ಧೂಳು ಹಿಡಿಯುವುದು. ಕೊಳೆಯಾದರೆ ಹೊಸದು ಹಾಕಿ. ಆಯಿಲ್ ಕೂಲರ್‌ನ ರೆಕ್ಕೆಗಳ ನಡುವಿನ ಮಣ್ಣನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ವಾಲ್ವ್‌ನ ಸಂದು ನೋಡುವುದು ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ.

ಎಫ್‌ಐ ಗಾಡಿಯ ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡುವುದು ಕಷ್ಟ, ಪೆಟ್ರೋಲ್ ಪಂಪಿಗೂ ಕರೆಂಟ್ ಬೇಕು. ಹತ್ತು ಗಂಟೆ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದರೆ ಚಾರ್ಜ್ ಮಾಡಿ. ಗಾಡಿ ಬಿದ್ದು ಎದ್ದ ಮೇಲೆ ಸ್ಟಾರ್ಟ್ ಆಗದಿದ್ದರೆ ಕೀಲಿ ಆಫ್ ಮಾಡಿ, ನೆಟ್ಟಗೆ ನಿಲ್ಲಿಸಿ, ಮತ್ತೆ ಆನ್ ಮಾಡಿ.

ಹೊಳೆಯಲ್ಲಿ ಮುಳುಗಿದರೆ

ಮುಂದಿನ ಆಕ್ಸಲ್ ನೆಲದಿಂದ ಸುಮಾರು 35 ಸೆಂ.ಮೀ. ಎತ್ತರದಲ್ಲಿದೆ. ನಡೆದು ನೋಡಿದಾಗ ನೀರು ಅದಕ್ಕಿಂತ ಆಳವಿದ್ದರೆ ದಾಟುವುದು ಬೇಡ. ಹಾಗೂ ದಾಟಲು ಹೋಗಿ ಗಾಡಿ ನೀರಲ್ಲಿ ಮಲಗಿ ಎಂಜಿನ್ ನಿಂತರೆ ಸೆಲ್ಫ್ ಒತ್ತಬೇಡಿ. ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ. ಮೇಲೇರುವ ಪಿಸ್ಟನ್‌ಗೆ ನೀರು ಅಡ್ಡ ಬಂದರೆ ಬಾಗುವುದು ಕನೆಕ್ಟಿಂಗ್ ರಾಡ್.

ಕೀಲಿ ಆಫ್ ಮಾಡಿ ದಡಕ್ಕೆ ಎಳೆದುಕೊಳ್ಳಿ. ಏರ್ ಬಾಕ್ಸ್‌ನ ಕೆಳಗಿನ ಡ್ರೈನ್ ಕೊಳವೆಯ ಬಿರಡೆ ತೆಗೆದು ನೀರು ಬಿಡಿ, ಫಿಲ್ಟರ್ ಹೊರಗೆ ತೆಗೆಯಿರಿ. ಸ್ಪಾರ್ಕ್ ಪ್ಲಗ್ ಸುತ್ತಲಿನ ಮಣ್ಣು ಊದಿ ತೆಗೆದ ಮೇಲೆ ಪ್ಲಗ್ ಬಿಚ್ಚಿ. ಕೀಲಿ ಆಫ್ ಇರುವಂತೆಯೇ ಐದನೇ ಗೇರ್ ಹಾಕಿ ಗಾಡಿಯನ್ನು ಮುಂದಕ್ಕೆ ತಳ್ಳುತ್ತ ಹೋದರೆ ಪ್ಲಗ್ ತೂತಿನಿಂದ ನೀರು ಚಿಮ್ಮಿ ಹೊರಬರುತ್ತದೆ. ಸೆಲ್ಫ್‌ನಿಂದ ಇದನ್ನು ಮಾಡಿದರೆ ನೀರಿನ ಜತೆ ಪೆಟ್ರೋಲ್ ಹನಿಯೂ ಹಾರಿ, ಕಿಡಿ ತಾಗಿದರೆ ಬೆಂಕಿ. ನೀರು ನಿಂತ ಮೇಲೆ ಆಯಿಲ್ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ಆ ಆಯಿಲ್‌ನಲ್ಲಿ ಓಡಿಸುವಂತಿಲ್ಲ, ಗಾಡಿಯನ್ನು ಜೀಪಿಗೆ ಏರಿಸಿ. ಬಣ್ಣ ಸರಿಯಿದ್ದರೆ ಪ್ಲಗ್ ಒಣಗಿಸಿ ಹಾಕಿ ಸ್ಟಾರ್ಟ್ ಮಾಡಬಹುದು.

ಹಾಲಾದ ಆಯಿಲ್ಲನ್ನು ಬಸಿದು, ಅಗ್ಗದ ಹೊಸ ಆಯಿಲ್ ಹಾಕಿ, ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಮತ್ತೆ ಬಸಿಯಿರಿ. ಬಿಳಿ ಕಾಣದಿರುವ ತನಕ ಹೀಗೇ, ಸಾಮಾನ್ಯವಾಗಿ ಎರಡು ಸಲ ಸಾಕಾಗುತ್ತದೆ. ಕೊನೆಯ ಸಲ ಫಿಲ್ಟರ್ ಬದಲಿಸಿ ಒಳ್ಳೆಯ ಆಯಿಲ್ ಹಾಕಿ. ಅದೇ ವಾರ ಎರಡೂ ಚಕ್ರದ ಬೇರಿಂಗ್, ಲಿಂಕೇಜು, ಕೋನ್ ಸೆಟ್ ತೆರೆದು ನೋಡಬೇಕು.

ಮಳೆಗಾಲಕ್ಕೆ ನಿಲ್ಲಿಸುವುದಾದರೆ

ಎರಡು ಮೂರು ತಿಂಗಳು ಗಾಡಿ ಮುಟ್ಟದವರು ಟ್ಯಾಂಕ್ ತುಂಬ, 13 ಲೀಟರೂ, ತುಂಬಿಸಿಡಿ. ಈಗಿನ ಇ20 ಪೆಟ್ರೋಲಿನ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಅರೆಖಾಲಿ ಟ್ಯಾಂಕಿನಲ್ಲಿ ಗಾಳಿ ಹೆಚ್ಚು, ತೇವವೂ ಹೆಚ್ಚು. ನಿಲ್ಲಿಸುವ ಮೊದಲು ಆಯಿಲ್ ಬದಲಿಸಿ, ಹಳೆಯ ಆಯಿಲ್‌ನಲ್ಲಿರುವ ಆಮ್ಲ ಒಳಗಿನ ಲೋಹವನ್ನು ತಿನ್ನುತ್ತದೆ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಒಳ್ಳೆಯದೆಂದು ಹಲವರು ತಿಳಿದಿದ್ದಾರೆ. ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರ್‌ನಲ್ಲೂ ಆಯಿಲ್‌ನಲ್ಲೂ ನೀರು ಕಟ್ಟುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ಒಂದೋ ಅರ್ಧ ಗಂಟೆ ಓಡಿಸಿ ತನ್ನಿ, ಇಲ್ಲವೇ ಮುಟ್ಟದೆ ಬಿಡಿ. ಸೈಲೆನ್ಸರ್‌ನ ಬಾಯಿಗೆ ಬಟ್ಟೆ ತುರುಕಿದ್ದರೆ ಹ್ಯಾಂಡಲ್‌ಗೆ ಒಂದು ಚೀಟಿ ಕಟ್ಟಿ. ಏರ್ ಬಾಕ್ಸ್‌ನಲ್ಲಿ ಇಲಿ ಗೂಡು ಕಟ್ಟಿರಬಹುದು. ಅಕ್ಟೋಬರ್‌ನಲ್ಲಿ ಸ್ಟಾರ್ಟ್ ಮಾಡುವ ಮುಂಚೆ ತೆರೆದು ನೋಡಿ.